ಕಾರ್ಲ್‌ಟನ್ ಚಾಪ್‌ಮನ್ (1971–2020): ಆಟ ಮುಗಿದ ಮೇಲಿನ ಆಟ

ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಎಂದೊಡನೆ ಜನ ನೆನೆಯುವುದು 1993ರ ಹ್ಯಾಟ್ರಿಕ್ಕನ್ನು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿದಾಗ ಮೂರು ಗೋಲು ಈ ಮಿಡ್‌ಫೀಲ್ಡರ್‌ನವು. ಮುಂದೆ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಜೆಸಿಟಿ ಕ್ಲಬ್ಬಿನ ಪರ ಆಡಿ ಮೊದಲ ರಾಷ್ಟ್ರೀಯ ಲೀಗ್ (1996–97) ಗೆದ್ದರು. ಭಾರತ ತಂಡದ ನಾಯಕರೂ ಆದರು. ಆದರೂ ಅವರನ್ನು ತೂಗಬೇಕಾದದ್ದು 2001ರ ನಿವೃತ್ತಿಯ ನಂತರದ ಕೆಲಸದಿಂದ ಎಂಬುದೇ ನಮ್ಮ ವಾದ.

1990ರಲ್ಲಿ ಕಲಿಯಲು ಸೇರಿದ್ದ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ 2002ರಲ್ಲಿ ಅವರು ತರಬೇತುದಾರರಾಗಿ ಮರಳಿದರು. ಬಳಿಕ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡದ ಕೋಚ್ ಆಗಿ 2011ರ ಬೊರ್ಡೊಲೊಯ್ ಟ್ರೋಫಿ ಗೆಲ್ಲಿಸಿದರು. 2017ರ ಕೊನೆಗೆ ಕಲ್ಲಿಕೋಟೆಯ ಅಕಾಡೆಮಿಯೊಂದರ ತಾಂತ್ರಿಕ ನಿರ್ದೇಶಕರಾದರು. ದೇಶದ ತಂಡಕ್ಕೆ ಮುಖ್ಯ ಕೋಚ್ ಆಗದವರನ್ನು ಇಷ್ಟು ಎತ್ತಿ ಹಿಡಿಯುವುದೇಕೆ ಎಂದು ಕೇಳಬಹುದು. ದೇಶದ ತಂಡಕ್ಕೆ ಬರುವ ಹೊತ್ತಿಗೆ ಆಟಗಾರ ರೂಪುಗೊಂಡಾಗಿರುತ್ತದೆ. ಅವನನ್ನು ರೂಪಿಸಿದ ಕೈ ಅಕಾಡೆಮಿಯಲ್ಲಿ, ಚಿಕ್ಕ ಕ್ಲಬ್ಬಿನಲ್ಲಿ ಇರುತ್ತದೆ. ಕುಂಬಾರಕೊಪ್ಪಲಿನಂಥ ಊರುಕೇರಿಗಳಲ್ಲಿ ಚೆಂಡು ಒದೆಯುವ ಹುಡುಗ ಹುಡುಗಿಯರಿಗೆ ಮೊದಲು ಬೇಕಾದದ್ದು, ಅವರ ಕಾಲ್ಚಳಕವನ್ನು ಎಳವೆಯಲ್ಲೇ ಗುರುತಿಸಿ ತಿದ್ದಬಲ್ಲ ಇಂಥ ಒಬ್ಬ ಹಿರಿಯ ಆಟಗಾರ.