ಜೆಟ್ಟಿಗಳ ಮುಷ್ಟಿ, ಚೀನಾದ ಮುಷ್ಟಿ

ರಾವಂದೂರು, ಪಿರಿಯಾಪಟ್ಟಣದ ಕಡೆಯಿಂದ ದಸರಾಕ್ಕೆಂದು ಮೈಸೂರಿಗೆ ಹೋಗುವ ನಾವು ಜಂಬೂಸವಾರಿ ನೋಡಿ, ಮಕ್ಕಳಿಗೆ ಪುರಿ-ಬತ್ತಾಸು ಕೊಂಡು ಬಸ್ಸು ಹತ್ತುತ್ತೇವೆ. ಆನೆ ಹೊರಡುವ ಮುನ್ನ, ಅದೇ ವಿಜಯದಶಮಿಯ ದಿನ ಅರಮನೆಯೊಳಗೆ ನಡೆಯುವ ವಜ್ರಮುಷ್ಟಿ ಕಾಳಗವನ್ನು ನಮ್ಮಲ್ಲಿ ಕಂಡವರು ಕಡಿಮೆ.

ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿ ಮನೆತನಗಳ ಎರಡು ಜೋಡಿ ತಲೆ ಬೋಳಿಸಿಕೊಂಡು ಮಣ್ಣಿಗಿಳಿಯುತ್ತವೆ. ಬಲಗೈ ಬೆರಳುಗಳಿಗೆ ಮೊನಚಾದ ವಜ್ರನಖ. ಎದುರಾಳಿಯ ತಲೆಯಲ್ಲಿ ರಕ್ತ ಕಂಡರೆ ಕಾಳಗ ಮುಗಿಯಿತು. ಎಷ್ಟೋ ಸಲ ಅದಕ್ಕೆ ಒಂದು ನಿಮಿಷವೂ ಬೇಡ. ನಮ್ಮ ಗರಡಿಗಳ ಕುಸ್ತಿಯಲ್ಲಿ ಗುದ್ದುವಂತಿಲ್ಲ, ಅಲ್ಲಿ ಪಟ್ಟೇ ಎಲ್ಲ. ಜೆಟ್ಟಿಯದೋ ಎಡಗೈ ಪಟ್ಟಿಗೆ, ಬಲಗೈ ಏಟಿಗೆ.

ಈ ಏಟು ಹೊಸದಲ್ಲ. 16ನೇ ಶತಮಾನದಲ್ಲಿ ವಿಜಯನಗರದ ಮಹಾನವಮಿಯನ್ನು ವರ್ಣಿಸಿದ ಪೋರ್ಚುಗೀಸ ನ್ಯೂನಿಜ್, ಅಲ್ಲಿನ ಮಲ್ಲರು ಮೊನೆಗಳಿರುವ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಾರೆಂದೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ಬಟ್ಟೆಯ ಇನಾಮು ಸಿಗುತ್ತದೆಂದೂ ಬರೆದಿದ್ದಾನೆ. ಗೆದ್ದವನಿಗಲ್ಲ, ಗಾಯಗೊಂಡವನಿಗೆ!

ಇನ್ನೊಂದು ಸಾಕ್ಷ್ಯ ಶ್ರೀರಂಗಪಟ್ಟಣದ್ದು. 1780ರ ದಶಕದಲ್ಲಿ ಟಿಪ್ಪು ಸುಲ್ತಾನರ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ಅನುಭವಕಥನ 1824ರಲ್ಲಿ ಅಚ್ಚಾಯಿತು. ಸುಲ್ತಾನರ ಮುಂದೆ ಜೆಟ್ಟಿಗಳು ಸಲಾಮು ಮಾಡಿ, ಕೊರಳ ಹೂವನ್ನು ಪರಸ್ಪರ ಮುಖಕ್ಕೆ ಎಸೆದು, ನಾಲ್ಕು ಉಕ್ಕಿನ ಉಗುರುಗಳ ಮುಷ್ಟಿಯಿಂದ ಹೊಡೆದಾಡುತ್ತಿದ್ದರಂತೆ. ಹಿಂಜರಿದವರನ್ನು ಹುರಿದುಂಬಿಸಲು ಹಿಂದೆ ಆಳುಗಳು ಆಯುಧ ಹಿಡಿದು ನಿಂತಿರುತ್ತಿದ್ದರಂತೆ. ಚೆನ್ನಾಗಿ ಕಾದಿದವರಿಗೆ ಪೇಟ, ಶಾಲು. ಸೆರೆಯಾಳಿನ ಕಹಿ ಈ ಬರಹದಲ್ಲಿ ಬೆರೆತಿದೆ. ಸುಲ್ತಾನರನ್ನು ಕ್ರೂರಿಯಾಗಿ ತೋರಿಸುವುದರಲ್ಲಿ ಕಂಪನಿಯವರಿಗೆ ಲಾಭವೂ ಇತ್ತು. ಹಾಗೆಂದು ನಮಗೆ ಹಿಡಿಸದ ಸಾಲುಗಳನ್ನು ಬಿಟ್ಟು, ಸಲಾಮು ಮತ್ತು ಶಾಲನ್ನು ಮಾತ್ರ ಆರಿಸಿಕೊಂಡರೆ ಅದು ಚರಿತ್ರೆಯಾಗದು. ಹಿಂದೂ ಅರಸರ ಹಬ್ಬದ ಕಾಳಗ ಸುಲ್ತಾನರ ಆಸ್ಥಾನದಲ್ಲೂ ನಿಲ್ಲಲಿಲ್ಲ ಎಂಬುದಂತೂ ಆ ಪುಸ್ತಕದಲ್ಲೇ ಇದೆ.

ಈಗ ಚೀನಾದ ಮಾತು. ಬೋಧಿಧರ್ಮ ಇಲ್ಲಿಂದ ವಜ್ರಮುಷ್ಟಿಯನ್ನು ಶಾವೊಲಿನ್ ಮಠಕ್ಕೆ ಒಯ್ದ, ಅದೇ ಕುಂಗ್‌ಫು ಆಯಿತು ಎಂದು ನಮ್ಮಲ್ಲಿ ಹೆಮ್ಮೆಯಿಂದ ಹೇಳುವವರಿದ್ದಾರೆ. ಬೋಧಿಧರ್ಮನ ಹೆಸರಿಗೆ ಅಂಟಿರುವ 'ಯಿಜಿನ್ ಜಿಂಗ್' ಎಂಬ ಗ್ರಂಥ 17ನೇ ಶತಮಾನದ್ದು. ಈ ಕಥೆಗೆ ಆಧಾರವಿಲ್ಲವೆಂದು 1930ರ ಸುಮಾರಿಗೇ ತೋರಿಸಿಕೊಟ್ಟವರು ಚೀನಾದವರೇ ಆದ ಇತಿಹಾಸಕಾರ ಟಾಂಗ್ ಹಾವೊ.

ಏಟನ್ನೇ ಗಮನಿಸಿದರೂ ಎರಡೂ ಬೇರೆ. ದಕ್ಷಿಣ ಚೀನಾದ ವಿಂಗ್ ಚುನ್‌ನಲ್ಲಿ ಮುಷ್ಟಿಯನ್ನು ನಿಲುವಾಗಿ ಹಿಡಿದು, ಎದೆಯ ನಡುಗೆರೆಯಿಂದ ನೇರವಾಗಿ, ಒಂದರ ಹಿಂದೊಂದರಂತೆ ಗುದ್ದುತ್ತಾರೆ. ಶಿಂಗ್‌ಯಿ ಶೈಲಿಯಲ್ಲಿ ಕೈಗಿಂತ ಕಾಲೇ ಮುಖ್ಯ. ಹೆಜ್ಜೆಯೊಂದಿಗೆ ಇಡೀ ಮೈಭಾರ ಮುಷ್ಟಿಗೆ ಬರಬೇಕು. ಉತ್ತರದ ಹೆಬೆಯಿ ಪ್ರಾಂತ್ಯದ ಮೆಂಗ್ ಗ್ರಾಮದಲ್ಲಿ ಹುಯಿ ಮುಸ್ಲಿಮರು ಬೆಳೆಸಿದ ಬಾಜಿಕ್ವಾನ್‌ನಲ್ಲಂತೂ ಎದುರಾಳಿಯ ಮೈಗೆ ತಾಗುವಷ್ಟು ಹತ್ತಿರ ನುಗ್ಗಿ ಮೊಣಕೈಯಿಂದ, ಭುಜದಿಂದ ಹೊಡೆಯುತ್ತಾರೆ. 18ನೇ ಶತಮಾನದ ವು ಝೊಂಗ್ ಅದರ ಹಳೆಯ ಗುರುಗಳಲ್ಲೊಬ್ಬರು. ಇವುಗಳ ಮುಂದೆ ಜೆಟ್ಟಿಯ ಏಟನ್ನು ಇಟ್ಟು ನೋಡಿ. ಅವನಿಗೆ ಎದುರಾಳಿಯನ್ನು ಕೆಡವಲು ಏಟು ಬೇಕಿಲ್ಲ, ಅದಕ್ಕೆ ಪಟ್ಟಿದೆ. ಏಟು ಬೇಕಾಗಿರುವುದು ರಕ್ತಕ್ಕೆ, ಅದೂ ಬೋಳಿಸಿದ ತಲೆಯಿಂದ ಒಂದೆರಡು ಹನಿಗೆ. ಆ ಹನಿ ಬಿದ್ದ ಮೇಲೆಯೇ ಜಂಬೂಸವಾರಿಗೆ ದಾರಿ.