ಒಂದೇ ತಪ್ಪಲೆಯ ಅನ್ನ ಮತ್ತು ನಮ್ಮ ಶಿರಾ ಸುಬಾ



ಈ ಬಾರಿಯ ಯುಗಾದಿಯ ಮರುದಿನ, ಅಂದರೆ ಹೊಸತೊಡಕಿನ ದಿನ, ನಮ್ಮ ಮನೆಯಲ್ಲಿ ನಾನೇ ಅಡುಗೆ ಮಾಡಿದೆ. ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದವನ ಕೈಯಲ್ಲಿ ಸೌಟು ಕಂಡು ನನ್ನ ಶ್ರೀಮತಿಯವರಿಗೆ ನಗು ತಡೆಯಲಾಗಲಿಲ್ಲ. ನಾನು ಮಾಡಿದ್ದು ಕುರಿಮಾಂಸದ ಬಿರಿಯಾನಿ. ಈ ಅಡುಗೆಯ ಹಿಂದೆ ಇತಿಹಾಸದ ಒಂದು ಪಾಠವಿದೆ, ನನ್ನದೊಂದು ಹಳೆಯ ತಪ್ಪೂ ಇದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ವಿಷಯ. 1994ರಲ್ಲಿ ನಾನು ಶಿರಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ ಮೊಗಲರ ಪಾಠ ಮಾಡುತ್ತ, ನಮ್ಮ ಶಿರಾ ಕೂಡ ಅವರ ಒಂದು ಸುಬಾದ ರಾಜಧಾನಿಯಾಗಿತ್ತು ಎಂದು ಅಭಿಮಾನದಿಂದ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಆವಾಗ ಅವರು ಇಲ್ಲಿ ಏನು ಉಣ್ತಿದ್ರು? ಬಿರಿಯಾನಿ ಅವರೇ ತಂದಿದ್ದಾ?" ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದಿತು. ಆತನ ತಂದೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು, ಮದುವೆಗಳಲ್ಲಿ ಅಡುಗೆಗೂ ಹೋಗುವವರು. ನಾನು, "ಪರೀಕ್ಷೆಗೆ ಬರುವುದನ್ನು ಕೇಳಪ್ಪ, ಅಡುಗೆಮನೆಯ ವಿಷಯ ಮನೆಯಲ್ಲಿ ಕೇಳಿಕೋ" ಎಂದು ಕೂರಿಸಿದೆ. ಮತ್ತೊಮ್ಮೆ ನಗು. ಆ ಹುಡುಗ ಅಂದಿನಿಂದ ನನ್ನ ತರಗತಿಯಲ್ಲಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ. ನಿಜ ಹೇಳಬೇಕೆಂದರೆ, ಅವನ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ.

ಇನ್ನು ಈ ವರ್ಷದ ಮಾತು. ನನ್ನ ಮಗಳು ಅಮೆರಿಕದ ಟೆಕ್ಸಾಸಿನಲ್ಲಿದ್ದಾಳೆ. ಅವಳ ಪಕ್ಕದ ಮನೆಯ ವೃದ್ಧೆ ಲೂಸಿಯಾನ ರಾಜ್ಯದವರು. ಒಂದು ಭಾನುವಾರ ಆಕೆ ದಪ್ಪ ಕಬ್ಬಿಣದ ಪಾತ್ರೆಯಲ್ಲಿ 'ಜಂಬಲಾಯ' ಎಂಬ ಅಡುಗೆ ಮಾಡಿ ಇವರಿಗೂ ಕೊಟ್ಟರಂತೆ. ಮಗಳು ಫೋನಿನಲ್ಲಿ, "ಅಪ್ಪಾ, ಬಣ್ಣ ಬೇರೆ, ಮಸಾಲೆ ಬೇರೆ, ಆದರೆ ಮಾಡುವ ಕ್ರಮ ಮಾತ್ರ ನಮ್ಮ ಶಿರಾ ಕಡೆಯದೇ" ಎಂದಳು. ಮಾಂಸವನ್ನು ಪಾತ್ರೆಯ ತಳದಲ್ಲಿ ಕಂದುಬಣ್ಣಕ್ಕೆ ಬರುವಂತೆ ಹುರಿಯುವುದು, ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೆಲರಿ ಎಂಬ ಸೊಪ್ಪಿನ ದಂಟು ಬೇಯಿಸುವುದು, ಆ ರಸದಲ್ಲಿಯೇ ಅಳತೆಯ ನೀರಿಟ್ಟು ಅಕ್ಕಿ ಹಾಕಿ ಮುಚ್ಚುವುದು. ಮುಚ್ಚಿದ ಮೇಲೆ ಕೈಯಾಡಿಸುವಂತಿಲ್ಲ.

ಆ ಅಡುಗೆ ಮಾಡುವ ಜನರ ಕಥೆ ಹುಡುಕಿ ಓದಿದೆ. ಅವರನ್ನು ಕೇಜನ್ನರೆನ್ನುತ್ತಾರೆ; 'ಅಕೇಡಿಯನ್' ಎಂಬ ಪದವೇ ಆಡುಮಾತಿನಲ್ಲಿ ಹಾಗಾಗಿದೆ. ಇಂದಿನ ಕೆನಡಾದ ನೋವಾ ಸ್ಕೋಷಿಯಾ ಭಾಗದಲ್ಲಿ ನೆಲೆಸಿದ್ದ ಫ್ರೆಂಚ್ ಮೂಲದ ರೈತರು ಅವರು. 1755ರಲ್ಲಿ ಬ್ರಿಟಿಷರು ಅವರನ್ನು ಊರೂರುಗಳಿಂದ ಎಬ್ಬಿಸಿ ಹಡಗುಗಳಲ್ಲಿ ತುಂಬಿ ಹೊರಗಟ್ಟಿದರು. ಕುಟುಂಬಗಳು ಚದುರಿದವು. 1760ರ ದಶಕದಲ್ಲಿ ಕೆಲವರು ಲೂಸಿಯಾನದ ಜೌಗು ನೆಲವನ್ನು ಸೇರಿದರು. ಅಲ್ಲಿ ಸ್ಪೇನಿನವರ ಅಡುಗೆ, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಭತ್ತದ ಬೇಸಾಯದ ಜ್ಞಾನ, ಇವರ ಫ್ರೆಂಚ್ ಕೈಗುಣ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೆಂದವು. ಇದನ್ನು ಓದುವಾಗ ನನಗೆ ಆ ಹಿಂದಿನ ಬೆಂಚಿನ ಹುಡುಗ ನೆನಪಾದ. ದೂರದ ಲೂಸಿಯಾನದ ತಪ್ಪಲೆಯಲ್ಲಿ ಇತಿಹಾಸವಿದ್ದರೆ ನಮ್ಮ ಶಿರಾದ ತಪ್ಪಲೆಯಲ್ಲಿ ಇಲ್ಲವೇ?

ಶಿರಾದ ಕಥೆ ನಿಮಗೆ ತರಗತಿಯಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದೆ. ಈಗ ಸ್ವಲ್ಪ ವಿವರವಾಗಿ ಕೇಳಿ. ಪಟ್ಟಣಕ್ಕೂ ಕೋಟೆಗೂ ಅಸ್ತಿಭಾರ ಹಾಕಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನ್ ಅದನ್ನು ಗೆದ್ದುಕೊಂಡನು. ಬಿಜಾಪುರದ ಕಡೆಯಿಂದ ಇಲ್ಲಿ ಆಡಳಿತ ನಡೆಸಿದ ಮಲಿಕ್ ರಿಹಾನನ ಸಮಾಧಿ, 1651ರದು, ಇಂದಿಗೂ ಊರಿನಲ್ಲಿದೆ. 1687ರಲ್ಲಿ ಔರಂಗಜೇಬನ ಸೈನ್ಯ ಬಂದು ಶಿರಾ ಹೊಸ ಸುಬಾದ ಕೇಂದ್ರವಾಯಿತು. ಖಾಸಿಂಖಾನ್ ಅದರ ಮೊದಲ ಅಧಿಕಾರಿ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಇದಕ್ಕೆ ಸೇರಿದ್ದವು. ಜುಮ್ಮಾ ಮಸೀದಿ ಕಟ್ಟಿದ್ದು 1696ರಲ್ಲಿ. ದಿಲಾವರ್ ಖಾನನ ಕಾಲದಲ್ಲಿ ಪಟ್ಟಣ ಉಚ್ಛ್ರಾಯಕ್ಕೇರಿತು. ಐವತ್ತು ಸಾವಿರ ಮನೆಗಳಿದ್ದವೆಂಬ ಪ್ರತೀತಿಯನ್ನು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅವನ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ ಅಲ್ಲಿಯೇ ಹೇಳಿದೆ.

ಒಂದು ಸುಬಾ ಎಂದರೆ ಬರಿಯ ಸುಬೇದಾರನಲ್ಲ. ಅವನ ಹಿಂದೆ ಸೈನಿಕರು, ಗುಮಾಸ್ತರು, ದರ್ಜಿಗಳು, ಕಮ್ಮಾರರು, ಬಾಣಸಿಗರು, ಅವರೆಲ್ಲರ ಸಂಸಾರಗಳು. ಮೊಗಲರ ಅಡುಗೆಮನೆ ಹೇಗಿತ್ತೆಂಬುದಕ್ಕೆ ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ತೂಕದ ಲೆಕ್ಕದೊಡನೆ ವಿವರವಿದೆ. ಅಕ್ಕಿ ಮತ್ತು ಮಾಂಸ ಸೇರಿಸಿ ಮಾಡುವ ಕೀಮಾ ಪಲಾವು ಅಲ್ಲಿದೆ. 'ಬಿರಿಯಾನ್' ಎಂಬ ಹೆಸರೂ ಇದೆ, ಆದರೆ ಅದು ಹುರಿದ ಮಾಂಸ. ಪಾರಸಿ ಭಾಷೆಯಲ್ಲಿ ಆ ಪದದ ಅರ್ಥವೇ 'ಹುರಿದದ್ದು'. ಆ ಅಡುಗೆಗಳಲ್ಲಿ ಕಾಳುಮೆಣಸು ಇದೆಯೇ ಹೊರತು ಮೆಣಸಿನಕಾಯಿ ಇಲ್ಲ! ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದು ಆಮೇಲೆ ನಮ್ಮ ಅಡುಗೆಗೆ ಇಳಿಯಿತು. ಅಂದರೆ ಹಸಿಮೆಣಸಿನಕಾಯಿ ಅರೆದು ಹಾಕುವ ನಮ್ಮ ಈಗಿನ ಹಸಿರು ಬಿರಿಯಾನಿ ಅಕ್ಬರನ ಪಾಕಶಾಲೆಯಿಂದ ನೇರವಾಗಿ ಬಂದದ್ದಲ್ಲ. ಮಾಂಸ ಬೆರೆತ ಅನ್ನವೂ ಮೊಗಲರಿಂದಲೇ ಮೊದಲಾದದ್ದಲ್ಲ; ಬೃಹದಾರಣ್ಯಕ ಉಪನಿಷತ್ತಿನಲ್ಲಿಯೇ 'ಮಾಂಸೌದನ'ದ ಮಾತು ಬರುತ್ತದೆ. ಆದುದರಿಂದ ಬಿರಿಯಾನಿಯನ್ನು "ಅವರು ತಂದರು" ಎಂದು ಹೇಳಿದರೆ ಅರ್ಧ ಸತ್ಯ, "ನಮ್ಮಲ್ಲೇ ಇತ್ತು" ಎಂದರೂ ಅರ್ಧ ಸತ್ಯ. ಹೆಸರು, ತುಪ್ಪ, ಪುದೀನ, ಮುಚ್ಚಿ ಹಬೆಯಲ್ಲಿ ಬೇಯಿಸುವ ಬಗೆ ಪಟ್ಟಣದ ದಖನಿ ಮಾತನಾಡುವ ಮನೆಗಳಲ್ಲಿ ಉಳಿದು ಬೆಳೆದವು. ಕುರಿ ನಮ್ಮ ಗೊಲ್ಲರ ಹಟ್ಟಿಗಳದು. ಅಕ್ಕಿ ನಮ್ಮ ಕೆರೆಗಳ ಹಿಂದಿನ ಗದ್ದೆಗಳದು.

ಅಕ್ಕಿಯ ಮಾತು ಬಂತು. ಇಂದಿನ ಮಕ್ಕಳಿಗೆ ಇದು ತಿಳಿಯದು. ಮಧುಗಿರಿ, ಶಿರಾ, ಪಾವಗಡದ ಒಣಭೂಮಿಯಲ್ಲಿ ನಮ್ಮ ಊಟವೆಂದರೆ ರಾಗಿ ಮುದ್ದೆ. ಪಾವಗಡದ ತೆಲುಗು ಮನೆಗಳಲ್ಲಿ ಅದೇ ಸಂಗಟಿ. ಕೊರಟಗೆರೆಯ ಕಡೆ ಜಯಮಂಗಲಿ, ಸುವರ್ಣಮುಖಿ ನದಿಗಳ ಆಸರೆಯಿದ್ದುದರಿಂದ ಭತ್ತ ಸ್ವಲ್ಪ ಹೆಚ್ಚು. ಅಲ್ಲಿಂದ ಸೊಸೆ ತಂದರೆ "ಅನ್ನದ ಊರಿನವಳು" ಎಂದು ನಮ್ಮ ಅಜ್ಜಿ ಗೌರವ ಕೊಡುತ್ತಿದ್ದರು. 1965-66ರ ಬರಗಾಲದಲ್ಲಿ ನಾನು ಶಾಲೆಗೆ ಸೇರುವ ವಯಸ್ಸಿನವನು. ಅನ್ನವನ್ನು ಹಬ್ಬಕ್ಕೆ, ನೆಂಟರಿಗೆ, ಜ್ವರ ಬಂದವರಿಗೆ ಮಾತ್ರ ಕಾಣುತ್ತಿದ್ದೆವು. ಹೊಸತೊಡಕಿಗೆ ಊರವರು ಸೇರಿ ಕುರಿ ಕೊಯ್ದು, ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕಿ ಪಾಲು ಹಂಚುತ್ತಿದ್ದರು. ಅಮ್ಮ ಆ ಗುಡ್ಡೆ ಬಾಡಿಗೆ ನೀರು ಜಾಸ್ತಿ ಹಾಕಿ ಸಾರು ಮಾಡುತ್ತಿದ್ದರು, ಜೊತೆಗೆ ಮುದ್ದೆ, ಕೊನೆಯಲ್ಲಿ ಒಂದು ಹಿಡಿ ಅನ್ನ. ಬಾಡು ಮತ್ತು ಅಕ್ಕಿಯನ್ನು ಒಂದೇ ಪಾತ್ರೆಗೆ ಹಾಕುವುದೆಂದರೆ ಎರಡು ಸಿರಿತನಗಳನ್ನು ಒಟ್ಟಿಗೆ ಖರ್ಚು ಮಾಡಿದಂತೆ. ಬಿರಿಯಾನಿ ಬಹುಕಾಲ ಪಟ್ಟಣದಲ್ಲಿಯೇ ಉಳಿದು ಹಳ್ಳಿಗೆ ಬಾರದಿದ್ದುದಕ್ಕೆ ಜಾತಿಮತಗಳಿಗಿಂತ ಈ ಬಡತನವೇ ದೊಡ್ಡ ಕಾರಣವೆಂದು ನನ್ನ ಎಣಿಕೆ. ಕೊಳವೆಬಾವಿ, ಹೊಸ ಭತ್ತದ ತಳಿಗಳು, ಪಡಿತರ ಅಂಗಡಿ, ಆಮೇಲೆ 2013ರ ಅನ್ನಭಾಗ್ಯ ಬಂದ ಮೇಲೆ ಅನ್ನ ದಿನದ ಊಟವಾಯಿತು. ಈಗ ಹಳ್ಳಿಯ ಬೀಗರೂಟದಲ್ಲಿಯೂ ಬಿರಿಯಾನಿ ಇಲ್ಲದೆ ನಡೆಯದು.

ಸರಿ, ಅಡುಗೆಗೆ ಬರೋಣ. ಕಲಿಯಲು ನಾನು ಹೋದದ್ದು ಆ ಹಿಂದಿನ ಬೆಂಚಿನ ಹುಡುಗನ ಹತ್ತಿರವೇ. ಈಗ ಆತನಿಗೆ ನಲವತ್ತೈದರ ಸುಮಾರು. ಸುತ್ತಮುತ್ತಲ ತಾಲ್ಲೂಕುಗಳ ಮದುವೆಗಳಿಗೆ ಅಡುಗೆ ಮಾಡುತ್ತಾನೆ. ಕುರ್ಚಿ ಹಾಕಿ ಕೂರಿಸಿ, "ಸಾರ್, ನೀವು ಹೇಳಿ ಕಳಿಸಿದ್ರೆ ನಾನೇ ಮನೆಗೆ ಬರ್ತಿದ್ದೆ" ಎಂದ. ಹೊಸತೊಡಕಿನ ಬೆಳಿಗ್ಗೆ ಬಂದೂ ಬಂದ. ಆದರೆ ಕೈ ಹಚ್ಚಲಿಲ್ಲ. ಪಕ್ಕದಲ್ಲಿ ನಿಂತು ನನ್ನಿಂದಲೇ ಮಾಡಿಸಿದ.

ಅವನು ಹೇಳಿದ ಕ್ರಮವನ್ನು ನಿಮಗೂ ಬರೆಯುತ್ತೇನೆ. ಒಂದು ಕೆ.ಜಿ. ಕುರಿಮಾಂಸಕ್ಕೆ ಮುಕ್ಕಾಲು ಕೆ.ಜಿ. ಜೀರಿಗೆಯಂಥ ಸಣ್ಣ ಅಕ್ಕಿ, ಅಂಗಡಿಯಲ್ಲಿ ಜೀರಾ ಸಾಂಬಾ ಎಂದು ಕೇಳಬೇಕು. ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಹಾಕಬೇಕು. ನಾಲ್ಕು ದೊಡ್ಡ ಈರುಳ್ಳಿ ಹೆಚ್ಚಿಕೊಳ್ಳಬೇಕು. ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು, ಅದರ ಅರ್ಧದಷ್ಟು ಪುದೀನ, ಹತ್ತು ಹನ್ನೆರಡು ಹಸಿಮೆಣಸಿನಕಾಯಿಗಳನ್ನು ಅರೆದಿಟ್ಟುಕೊಳ್ಳಬೇಕು. ಶುಂಠಿ ಬೆಳ್ಳುಳ್ಳಿಯನ್ನು ಬೇರೆಯಾಗಿ ಅರೆಯಬೇಕು. ದಪ್ಪ ತಳದ ತಪ್ಪಲೆಯಲ್ಲಿ ಎಣ್ಣೆ, ಎರಡು ಚಮಚ ತುಪ್ಪ ಕಾಯಿಸಿ, ಚಕ್ಕೆ, ಲವಂಗ, ಏಲಕ್ಕಿ, ಮರಾಠಿ ಮೊಗ್ಗು, ಪಲಾವ್ ಎಲೆ ಹಾಕಿ, ಈರುಳ್ಳಿಯನ್ನು ಕೆಂಪಗೆ ಹುರಿಯಬೇಕು. ಶುಂಠಿ ಬೆಳ್ಳುಳ್ಳಿಯ ಹಸಿವಾಸನೆ ಹೋದ ಮೇಲೆ ಮಾಂಸ, ಉಪ್ಪು, ಚಿಟಿಕೆ ಅರಿಶಿನ. ಮಾಂಸ ಬಿಟ್ಟ ನೀರೆಲ್ಲ ಇಂಗಿ ಎಣ್ಣೆ ತೇಲುವವರೆಗೆ ಹುರಿಯುವುದೇ ಈ ಅಡುಗೆಯ ಜೀವ. ನಾನು ಅವಸರಪಟ್ಟೆ. "ಇನ್ನೂ ಆಗಿಲ್ಲ ಸಾರ್" ಎಂದು ಮೂರು ಸಲ ತಡೆದ.

ಆಮೇಲೆ ಹಸಿರು ಮಸಾಲೆ, ಒಂದು ಬಟ್ಟಲು ಮೊಸರು. ನೀರು ಹಾಕಿ ಮುಚ್ಚಿ ಮಾಂಸ ಮೆತ್ತಗಾಗುವವರೆಗೆ, ಸುಮಾರು ಮುಕ್ಕಾಲು ಗಂಟೆ, ಬೇಯಿಸಬೇಕು. ಅನಂತರ ರಸವನ್ನು ಅಳೆಯಬೇಕು: ಒಂದು ಲೋಟ ಅಕ್ಕಿಗೆ ಎರಡು ಲೋಟಕ್ಕೆ ತುಸು ಕಡಿಮೆ. ಕಡಿಮೆಯಾದರೆ ಬಿಸಿನೀರು ಸೇರಿಸಬೇಕು. ರಸ ಕುದಿಯುವಾಗ ನೀರು ಬಸಿದ ಅಕ್ಕಿ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ನೀರೂ ಅಕ್ಕಿಯೂ ಒಂದೇ ಮಟ್ಟಕ್ಕೆ ಬಂದ ಕೂಡಲೆ ಉರಿ ತೀರ ಸಣ್ಣಗೆ ಮಾಡಿ ಮುಚ್ಚಬೇಕು. ಮದುವೆಮನೆಯಲ್ಲಾದರೆ ಮುಚ್ಚಳದ ಮೇಲೆ ಕೆಂಡ ಹರಡುತ್ತಾರೆ. ನಾವು ಕುದಿನೀರಿನ ಪಾತ್ರೆ ಇಟ್ಟೆವು. ಹದಿನೈದು ನಿಮಿಷ ಹಬೆ, ಉರಿ ಆರಿಸಿ ಇನ್ನೂ ಹತ್ತು ನಿಮಿಷ. ಐದೇ ನಿಮಿಷಕ್ಕೆ ನಾನು ಮುಚ್ಚಳಕ್ಕೆ ಕೈ ಹಾಕಿದಾಗ, "ಬೇಡಿ ಸಾರ್, ನೋಡಬೇಕು ಅನ್ನಿಸ್ತದೆ, ನೋಡಬಾರದು" ಎಂದ. ನಾನು ವಿದ್ಯಾರ್ಥಿಯಂತೆ ಕೈ ಹಿಂದೆ ಕಟ್ಟಿ ನಿಂತೆ.

ಆ ಇಪ್ಪತ್ತು ನಿಮಿಷದಲ್ಲಿ ಹಳೆಯ ಪ್ರಶ್ನೆಯನ್ನು ನೆನಪಿಸಿದೆ. ಮರೆತಿರಬಹುದೆಂದುಕೊಂಡಿದ್ದೆ. "ಮರೆತಿಲ್ಲ ಸಾರ್" ಎಂದ, ಒಲೆಯ ಕಡೆ ನೋಡುತ್ತಲೇ. ತಪ್ಪಾಯಿತೆಂದು ಹೇಳಿದೆ. ಅವನು, "ಬಿಡಿ ಸಾರ್, ಎಲ್ಲಾರೂ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ನಮ್ಮ ತಾತ ಹೇಳ್ತಿದ್ರು, ನಮ್ಮೋರು ಕೆಲವರನ್ನ ಟಿಪ್ಪು ಕಾಲದಲ್ಲಿ ಪಟ್ಟಣಕ್ಕೆ ಕರಕೊಂಡು ಹೋದರು ಅಂತ. ಅದು ನಿಜವಾ ಅಂತ ಕೇಳಬೇಕಿತ್ತು" ಎಂದ.

ಮನೆಯ ಮಾತಿಗೆ ದಾಖಲೆಯ ಬೆಂಬಲವಿದೆ. ಶಿರಾವನ್ನು 1757ರಲ್ಲಿ ಮರಾಠರು ಗೆದ್ದರು, 1759ರಲ್ಲಿ ಮರಳಿ ಕೊಟ್ಟರು. 1761ರಲ್ಲಿ ಹೈದರನ ವಶವಾಯಿತು, 1766ರಲ್ಲಿ ಮತ್ತೆ ಮರಾಠರಿಗೆ, 1774ರಲ್ಲಿ ಟಿಪ್ಪುವಿನ ಕೈಗೆ. ಟಿಪ್ಪು ಶ್ರೀರಂಗಪಟ್ಟಣದ ದ್ವೀಪದಲ್ಲಿ ಕಟ್ಟಿಸಿದ ಗಂಜಾಂ ಪೇಟೆಗೆ ಜನ ಬೇಕೆಂದು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಅಕೇಡಿಯನ್ನರು ಹಡಗು ಹತ್ತಿದ ಕೆಲವೇ ದಶಕಗಳಲ್ಲಿ ನಮ್ಮ ಊರಿನವರೂ ಗಾಡಿ ಹತ್ತಿದ್ದರು. ಎದ್ದು ಹೊರಟವರು ಮನೆ, ಬಾವಿ, ಗೋರಿಗಳನ್ನು ಹೊತ್ತೊಯ್ಯಲಾರರು. ತಪ್ಪಲೆಯನ್ನು ಒಯ್ಯಬಲ್ಲರು. ಇಷ್ಟನ್ನು ಅವನಿಗೆ ಹೇಳಿದೆ. ಮೂವತ್ತು ವರ್ಷ ತಡವಾಗಿ. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹಂಗಾದ್ರೆ ತಾತ ಸುಳ್ಳು ಹೇಳಲಿಲ್ಲ" ಎಂದು ಮುಚ್ಚಳ ತೆಗೆದ.

ತಳ ಸ್ವಲ್ಪ ಹಿಡಿದಿತ್ತು. ನನ್ನ ಅವಸರದ ಫಲ. ಆದರೂ ಹಿತ್ತಲಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ಟೆಕ್ಸಾಸಿನ ಮಗಳಿಗೆ ಫೋಟೋ ಕಳಿಸಿದೆವು. ಆ ಲೂಸಿಯಾನದ ಅಜ್ಜಿಗೂ ತೋರಿಸಿದಳಂತೆ. "ತಳ ಹಿಡಿದದ್ದೇ ರುಚಿ" ಎಂದರಂತೆ ಅವರು.

ನನ್ನ ಶಿಷ್ಯರಲ್ಲಿ ಈಗ ಅನೇಕರು ಶಿಕ್ಷಕರಾಗಿದ್ದೀರಿ. ಹಿಂದಿನ ಬೆಂಚಿನಿಂದ ಇಂಥ ಪ್ರಶ್ನೆ ಬಂದರೆ ದಯವಿಟ್ಟು ನಗಬೇಡಿ, ನಗಲು ಬಿಡಬೇಡಿ. ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ಹುಡುಕಿ ಹೇಳುತ್ತೇನೆ" ಎಂದರೆ ಸಾಕು. ನಿಮ್ಮ ಮನೆಯ ಹಿರಿಯರು ಎಲ್ಲಿಂದ ಬಂದರು, ಯಾವ ಅಡುಗೆ ತಂದರು ಎಂಬುದು ತಿಳಿದಿದ್ದರೆ ನನಗೆ ಬರೆದು ತಿಳಿಸಿ. ಮುಂದಿನ ಹೊಸತೊಡಕಿಗೆ ಬರುವವರು ಮೊದಲೇ ಹೇಳಿ. ಅಕ್ಕಿ ನೆನೆಹಾಕುವುದಕ್ಕೆ ಲೆಕ್ಕ ಬೇಕು.