ಎರಡನೇ ಡ್ರೈವ್‌ನ ಹಳೇ ಲಿನಕ್ಸ್: ಫಾರ್ಮ್ಯಾಟ್ ಮಾಡೋಕೆ ಮುಂಚೆ

ರಾಮನಗರದ ಗೆಳೆಯನೊಬ್ಬನ ಎರಡನೇ ಡ್ರೈವ್‌ನಲ್ಲಿದ್ದ ಹಳೇ ಉಬುಂಟು ಬೂಟ್ ಆಗೋದು ನಿಂತಿತ್ತು. ಅಪ್ಪನ ರೇಷ್ಮೆಗೂಡಿನ ಲೆಕ್ಕವೆಲ್ಲ ಅದರಲ್ಲೇ. ರಿಪೇರಿಯವರ ಸಲಹೆ: ‘ಫಾರ್ಮ್ಯಾಟ್ ಮಾಡಿಬಿಡಿ’. ಬೇಡ! ಬಹುತೇಕ ಸಲ ಡೇಟಾ ಎಲ್ಲೂ ಹೋಗಿರಲ್ಲ, ಕೆಟ್ಟಿರೋದು ದಾರಿ ಮಾತ್ರ.

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ನೆನಪಿದೆಯಾ? ದೋಷವಿರುವ ಹಳೇ ಬೂಟ್‌ಲೋಡರ್‌ಗಳನ್ನು ತಡೆಯೋಕೆ ಬಂದದ್ದು. ಡ್ಯುಯಲ್ ಬೂಟ್ ಇರುವವರಿಗೆ ಅನ್ವಯಿಸಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಎಷ್ಟೋ ಜನರಿಗೆ ಅನ್ವಯಿಸಿತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ನಮ್ಮ ಮಷೀನ್‌ನಲ್ಲಿ ಏನು ಓಡಬೇಕು ಅಂತ ಬೇರೆ ಯಾರೋ ತೀರ್ಮಾನಿಸೋದು ಅಂದ್ರೆ ಇದೇ.

‘ಸೆಕ್ಯುರಿಟಿ ಪಾಲಿಸಿ ವಯೊಲೇಷನ್’ ಅಂತ ಬಂದರೆ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ಬಿಟ್‌ಲಾಕರ್ ಇದ್ದರೆ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ಲಿನಕ್ಸ್ ತೆರೆದ ಮೇಲೆ ಅಪ್‌ಡೇಟ್ ಮಾಡಿ.

ಮೊದಲ ಡ್ರೈವ್‌ಗೆ ಹೊಸ ಲಿನಕ್ಸ್ ಹಾಕಿದ ಮೇಲೆ ಹಳೇದು ಮೆನುವಿನಲ್ಲಿ ಕಾಣ್ತಿಲ್ಲವಾ? 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡಲ್ಲ. ಗ್ರಬ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ‘ಅಪ್‌ಡೇಟ್-ಗ್ರಬ್’ ಕೊಡಿ.

ಗ್ರಬ್ಬೇ ಅಳಿಸಿಹೋಗಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಮೊದಲು ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಗ್ರಬ್ ಮತ್ತೆ ಇನ್‌ಸ್ಟಾಲ್ ಮಾಡೋದು ಆಮೇಲೆ. ಆಗ ಡ್ರೈವ್‌ನ ಹೆಸರು ಎರಡು ಸಲ ನೋಡಿ.